ಕಲ್ಲು ಕೇಳಿದ್ದೇನು? ಬೆಂಗಳೂರು ಸರಕಾರಿ ವಸ್ತುಸಂಗ್ರಹಾಲಯ ಮತ್ತು ಆತಕೂರು ಶಾಸನದ ಓದು

ಇವತ್ತು ನಾನು ಒಂದು ಸಂಸ್ಥೆಯ ಚರಿತ್ರೆಯನ್ನೂ ಒಂದು ಪಠ್ಯವನ್ನೂ ಜೊತೆಗಿಟ್ಟು ಓದುತ್ತೇನೆ. ಸಂಸ್ಥೆ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯ. ಪಠ್ಯ ಅಲ್ಲಿರುವ ಆತಕೂರು ಶಾಸನ. ನನ್ನ ವಾದ ಇಷ್ಟು: ತನ್ನೊಂದಿಗೆ ಹೇಗೆ ನಡೆದುಕೊಳ್ಳಬೇಕು ಅಂತ ಆ ಕಲ್ಲು ತಾನೇ ಹೇಳಿಕೊಂಡಿದೆ. ವಸ್ತುಸಂಗ್ರಹಾಲಯ ಅದರ ಅಕ್ಷರಗಳನ್ನು ಕಾಪಾಡಿತು, ಮಾತನ್ನು ಕೇಳಲಿಲ್ಲ. ವಿದ್ಯಾರ್ಥಿಗಳಾದ ನಾವೂ ಕೇಳುತ್ತಿಲ್ಲ.

ಮೊದಲು ಸಂಸ್ಥೆಯ ವಿಷಯ. 1831ರಿಂದ 1881ರವರೆಗೆ ಮೈಸೂರು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಆ ಅವಧಿಯಲ್ಲಿ, 1865ರಲ್ಲಿ, ಬೌರಿಂಗ್ ಚೀಫ್ ಕಮಿಷನರ್ ಆಗಿದ್ದಾಗ ಈ ಸಂಗ್ರಹಾಲಯ ಹುಟ್ಟಿತು. ಮಾರ್ಗದರ್ಶಕ ಎಡ್ವರ್ಡ್ ಬಾಲ್ಫರ್, ವೃತ್ತಿಯಿಂದ ವೈದ್ಯ. 1851ರಲ್ಲಿ ಶುರುವಾದ ಮದ್ರಾಸಿನ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದವನೂ ಅವನೇ. ಬೆಂಗಳೂರಿನ ಸಂಗ್ರಹ ಮೊದಲು ದಂಡುಪ್ರದೇಶದಲ್ಲಿತ್ತು. ಮ್ಯೂಸಿಯಂ ರಸ್ತೆ ಎಂಬ ಹೆಸರು ಈಗಲೂ ಅದರ ಗುರುತು. ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡ 1877ರದ್ದು.

ಮದ್ರಾಸಿನ ಸಂಗ್ರಹ ಆರಂಭವಾದದ್ದು ಭೂವಿಜ್ಞಾನದ ಮಾದರಿಗಳಿಂದ ಎನ್ನುವುದು ಗಮನಾರ್ಹ. ಅಂದರೆ ಈ ಪರಂಪರೆಯಲ್ಲಿ ಕಲ್ಲು ಮೊದಲು ಒಂದು 'ಮಾದರಿ'. ಸಂಖ್ಯೆ, ಊರು, ಕಾಲ ಬರೆದ ಚೀಟಿ ಹೊತ್ತ ವಸ್ತು. ಜನ ಇದನ್ನು ಬೇಗ ಗುರುತಿಸಿದ್ದರು. ಮದ್ರಾಸಿನವರ ಬಾಯಲ್ಲಿ ಮ್ಯೂಸಿಯಂ 'ಸೆತ್ತ ಕಾಲೇಜು', ಮೃಗಾಲಯ 'ಉಯಿರ್ ಕಾಲೇಜು'. ಒಂದು ಸತ್ತವರದ್ದು, ಇನ್ನೊಂದು ಜೀವ ಇರುವವರದ್ದು. ತಮಾಷೆಯ ಹೆಸರಾದರೂ ವಸ್ತುಸಂಗ್ರಹಾಲಯದ ಬಗ್ಗೆ ಇದಕ್ಕಿಂತ ಚುರುಕಾದ ವಿಮರ್ಶೆಯನ್ನು ನಾನು ಓದಿಲ್ಲ.

ಇನ್ನು ಪಠ್ಯ. ಆತಕೂರು ಇರುವುದು ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನಲ್ಲಿ. ಶಾಸನದ ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಲ್ಲುತ್ತಾನೆ. ಬೂತುಗನ ಕಡೆಯ ವೀರ ಮಣಲೇರ. ಅವನ ಶೌರ್ಯಕ್ಕೆ ಮೆಚ್ಚಿ ಏನು ಬೇಕು ಅಂತ ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆಮೇಲೆ ಕಾಳಿ ಒಂದು ದೊಡ್ಡ ಹಂದಿಯೊಂದಿಗೆ ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ದೇವಾಲಯದ ಮುಂದೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ಕಲ್ಲಿನ ಮೇಲೆ ನಾಯಿ, ಹಂದಿಗಳ ಕಾದಾಟದ ಕೆತ್ತನೆಯೂ ಉಂಟು.

ಸಾಮಾನ್ಯವಾಗಿ ತರಗತಿಯಲ್ಲಿ ನಾವು ಇಲ್ಲಿಗೆ ನಿಲ್ಲಿಸ್ತೇವೆ. ರಾಜಕೀಯ ಚರಿತ್ರೆಗೆ ತಕ್ಕೋಲ ಸಿಕ್ಕಿತು, ಕುತೂಹಲಕ್ಕೆ ನಾಯಿ ಸಿಕ್ಕಿತು. ಆದರೆ ಶಾಸನ ಇನ್ನೂ ಒಂದು ಮಾತು ಹೇಳುತ್ತದೆ. ಅಲ್ಲಿಯ ಗೊರವ, ಅಂದರೆ ಶೈವ ಅರ್ಚಕ, ಈ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ತಟ್ಟುತ್ತದೆ ಎನ್ನುತ್ತದೆ. ನನಗೆ ಇದೇ ಪಠ್ಯದ ಹೃದಯ. ಒಬ್ಬ ಮನುಷ್ಯನ ದಿನದ ಊಟವನ್ನು ಒಂದು ನಾಯಿಯ ನೆನಪಿಗೆ ಕಟ್ಟಿಹಾಕಿದ ವಾಕ್ಯ ಅದು. ಸ್ಮಾರಕ ಉಳಿಯುವುದು ಕಲ್ಲು ಗಟ್ಟಿ ಇದ್ದುದರಿಂದ ಅಲ್ಲ, ಯಾರೋ ಒಬ್ಬರು ಪ್ರತಿದಿನ ಅದರ ಮುಂದೆ ನಿಲ್ಲುವುದರಿಂದ ಅಂತ ಅದನ್ನು ಬರೆಸಿದವರಿಗೆ ಗೊತ್ತಿತ್ತು. ವಸ್ತುಸಂಗ್ರಹಾಲಯದಲ್ಲಿ ಅಕ್ಷರ ಉಳಿದಿದೆ. ಆ ಗೊರವನ ಜಾಗದಲ್ಲಿ ಈಗ ಕಾವಲುಗಾರ ಇದ್ದಾನೆ.

ನೀವು ಕೇಳಬಹುದು, ಕಲ್ಲು ಊರಲ್ಲೇ ಇದ್ದಿದ್ದರೆ ಬಟ್ಟೆ ಒಗೆಯುವ ಕಲ್ಲಾಗ್ತಿರಲಿಲ್ಲವೇ ಅಂತ. ಆಗಬಹುದಿತ್ತು, ಒಪ್ತೇನೆ. 1885ರಲ್ಲಿ ಮೈಸೂರಿನ ಪುರಾತತ್ವ ಇಲಾಖೆ ಶುರುವಾಗದೆ, ಬಿ.ಎಲ್. ರೈಸ್ ಶಾಸನಗಳನ್ನು ಅಚ್ಚು ಮಾಡಿಸದೆ ಇದ್ದಿದ್ದರೆ ಕಾಸರಗೋಡಿನಲ್ಲಿ ಕೂತ ನನಗೆ ಇಂಥ ಪಠ್ಯಗಳು ಸಿಗ್ತಿರಲಿಲ್ಲ. ಆದ್ದರಿಂದ 'ಕಲ್ಲನ್ನು ಹಿಂದೆ ಕೊಡಿ' ಎಂಬ ಸರಳ ತೀರ್ಮಾನ ನನ್ನದಲ್ಲ. ನನ್ನ ಆತಂಕ ನಮ್ಮ ಓದಿನ ಕ್ರಮದ ಬಗ್ಗೆ.

ಯಾಕೆಂದರೆ ಈ ವಿಷಯ ಗಡಿನಾಡಿನವರಾದ ನಮಗೆ ತುಂಬ ಹತ್ತಿರದ್ದು. 1956ರ ನವೆಂಬರ್ 1ರವರೆಗೆ ನಾವು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯವರು, ಅನಂತರ ಕೇರಳದವರು, ಭಾಷೆಯ ಲೆಕ್ಕದಲ್ಲಿ ಬೆಂಗಳೂರಿನ ಕಡೆ ನೋಡುವವರು. ಮದ್ರಾಸು, ತಿರುವನಂತಪುರ, ಬೆಂಗಳೂರು, ಮೂರು ಕಡೆಯೂ ಆ ಕಾಲದಲ್ಲಿ ಹುಟ್ಟಿದ ಸಂಗ್ರಹಾಲಯಗಳುಂಟು, ಮೂರೂ ನಮಗೆ ದೂರ. ಈ ಸ್ಥಿತಿಯಲ್ಲಿ ಶಾಸನ ಅಂದಕೂಡಲೇ ನಮಗೆ ಬೇಕಾಗುವುದು ಸಾಕ್ಷಿ. ಕಾಸರಗೋಡಿನ ತಳಂಗರೆ ಶಾಸನ ಕನ್ನಡದಲ್ಲಿದೆ, ನೋಡಿ, ಈ ನೆಲ ಕನ್ನಡದ್ದು ಅಂತೇವೆ. ನಾನೂ ಹಾಗೆ ಭಾಷಣ ಮಾಡಿದ್ದೇನೆ. ಅದರಲ್ಲಿ ಏನು ಬರೆದಿದೆ ಅಂತ ಯಾರಾದರೂ ಆ ದಿನ ಕೇಳಿದ್ದರೆ ನನ್ನಲ್ಲಿ ಉತ್ತರ ಇರಲಿಲ್ಲ. ಕಲ್ಲಿಗೆ ಚೀಟಿ ಅಂಟಿಸುವುದಕ್ಕೂ ನನ್ನ ಆ ಭಾಷಣಕ್ಕೂ ಏನು ವ್ಯತ್ಯಾಸ? ಎರಡರಲ್ಲೂ ಪಠ್ಯ ಮಾತಾಡುವುದಿಲ್ಲ, ಬರೇ ಹಾಜರಿ ಹಾಕುತ್ತದೆ.

ಭಾಷೆಯ ಹಕ್ಕಿನ ಪ್ರಶ್ನೆ ಸಣ್ಣದಲ್ಲ, ಅದನ್ನು ಬಿಡಬೇಕು ಅಂತ ನಾನು ಹೇಳ್ತಿಲ್ಲ. ಆದರೆ ಹಕ್ಕು ಕೇಳುವವರು ಆ ಭಾಷೆಯ ಮಾತನ್ನು ಪೂರ್ತಿ ಓದಿರಬೇಕು. ಕಲ್ಲಿಗೆ ನಾವು ಪೂಜೆ ಮಾಡಬೇಕಾಗಿಲ್ಲ. ದತ್ತಿಯ ಸಾಲು, ಶಾಪದ ಸಾಲು, ಪಾಪದ ಸಾಲು ಸೇರಿ ಕೊನೆಯ ಅಕ್ಷರದವರೆಗೆ ಅದನ್ನು ಓದುವುದು ನಮ್ಮ ಕಾಲದ ಗೊರವನ ಕೆಲಸ ಅಂತ ನಾನು ತಿಳಿದಿದ್ದೇನೆ. ಅದು ಆಗದೆ ಹೋದರೆ ಸೆತ್ತ ಕಾಲೇಜು ಎಂಬ ಹೆಸರು ನಮ್ಮ ಕಾಲೇಜಿಗೂ ಸಲ್ಲುತ್ತದೆ.