ವೆಸ್ಟ್ ಬ್ಲಾಕಿನ ದನಿ

ಕೋಲ್ಕತ್ತಾದಲ್ಲಿ ಯಾವ ಫುಟ್‌ಬಾಲ್ ಕ್ಲಬ್ಬಿನ ಪರ ನಿಲ್ಲಬೇಕೆಂದು ಯಾರೂ ಕೂತು ಯೋಚಿಸುವುದಿಲ್ಲ. ಮೋಹನ್ ಬಾಗಾನ್ ಹುಟ್ಟಿದ್ದು 1889ರಲ್ಲಿ, ಈಸ್ಟ್ ಬೆಂಗಾಲ್ 1920ರಲ್ಲಿ. ಅಜ್ಜ ಯಾವ ಪಕ್ಷವೋ ಮೊಮ್ಮಗನೂ ಅದೇ ಪಕ್ಷ. ಮನೆತನ ಪೂರ್ವ ಬಂಗಾಳದಿಂದ ಬಂದದ್ದೋ ಮೊದಲಿನಿಂದ ಅಲ್ಲೇ ಇದ್ದದ್ದೋ, ಗೆದ್ದ ದಿನ ಅಡುಗೆಮನೆಗೆ ಹಿಲ್ಸಾ ಬರುತ್ತದೋ ಸೀಗಡಿಯೋ ಎಂಬುದೆಲ್ಲ ಹುಟ್ಟಿನಲ್ಲೇ ತೀರ್ಮಾನವಾಗಿರುತ್ತದೆ. ಬೆಂಗಳೂರಿಗೆ ಇಂಥ ಪಿತ್ರಾರ್ಜಿತ ಇರಲಿಲ್ಲ. 2013ರ ಜುಲೈನಲ್ಲಿ ಜೆಎಸ್‌ಡಬ್ಲ್ಯು ಸಮೂಹ ಬೆಂಗಳೂರು ಎಫ್‌ಸಿಯನ್ನು ಹುಟ್ಟುಹಾಕಿದಾಗ ಕ್ಲಬ್ಬಿಗೆ ಸ್ವಂತ ಮೈದಾನವಿರಲಿಲ್ಲ, ಹೇಳಿಕೊಳ್ಳಲು ಚರಿತ್ರೆಯಿರಲಿಲ್ಲ, ಬೆಂಬಲಿಗರಂತೂ ಇರಲೇ ಇಲ್ಲ. ಹಾಗಿದ್ದೂ ಮೊದಲ ಋತು ಮುಗಿಯುವಷ್ಟರಲ್ಲಿ ಹಾಡು, ಬಾವುಟ, ಡ್ರಮ್ಮುಗಳ ಸಮೇತ ಒಂದು ಅಭಿಮಾನಿ ಬಳಗ ನಿಂತುಬಿಟ್ಟಿತ್ತು. ಅದರ ಹೆಸರು ವೆಸ್ಟ್ ಬ್ಲಾಕ್ ಬ್ಲೂಸ್. ಹನ್ನೆರಡು ವರ್ಷ ದಾಟಿದ ಈ ಬಳಗ ಏನನ್ನು ಕಟ್ಟಿದೆ, ಏನನ್ನು ಇನ್ನೂ ಕಟ್ಟಬೇಕಾಗಿದೆ ಎಂದು ಅಳೆದು ನೋಡುವ ಹೊತ್ತು ಬಂದಿದೆ.

ಹೆಸರು ಬಂದದ್ದು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನ ಪಶ್ಚಿಮದ ಗ್ಯಾಲರಿಯಿಂದ. ತಂಡದ ಮೊದಲ ತವರು ಅದೇ. ಹಳೆಯ ಕಾಂಕ್ರೀಟ್ ಮೆಟ್ಟಿಲು, ಕೃತಕ ಹುಲ್ಲು, ಆಟಗಾರನ ಉಸಿರು ಕೇಳುವಷ್ಟು ಹತ್ತಿರದ ಗ್ಯಾಲರಿ. ಆ ಋತುವಿನಲ್ಲಿ ಆ್ಯಶ್ಲಿ ವೆಸ್ಟ್‌ವುಡ್ ತರಬೇತಿಯ ತಂಡ ಚೊಚ್ಚಲ ಪ್ರಯತ್ನದಲ್ಲೇ ಐ-ಲೀಗ್ ಗೆದ್ದಿತು. 2014ರ ಏಪ್ರಿಲ್‌ನಲ್ಲಿ ಗೋವಾದ ಫತೋರ್ದಾದಲ್ಲಿ ಡೆಂಪೋ ವಿರುದ್ಧ 4-2ರಿಂದ ಗೆದ್ದು ಪ್ರಶಸ್ತಿ ಖಚಿತಪಡಿಸಿಕೊಂಡಾಗ, ಬೆಂಗಳೂರಿನಿಂದ ಹೋದ ನೀಲಿ ಜೆರ್ಸಿಗಳು ಅಲ್ಲೂ ಇದ್ದವು. ಗೆಲ್ಲುವ ತಂಡಕ್ಕೆ ಜನ ಸೇರುವುದು ಸುಲಭ, ನಿಜ. ಈ ಬಳಗದ ಅದೃಷ್ಟವೂ ಅದೇ ಆಗಿತ್ತು. ಗೆಲುವು ನಿಂತ ಮೇಲೂ ಎಷ್ಟು ಜನ ಉಳಿದರು ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಅದಕ್ಕೂ ಮೊದಲು ಈ ಜನ ಮಾಡುವುದೇನು ಎಂದು ಹತ್ತಿರದಿಂದ ನೋಡಬೇಕು. ತಂಡ ಆಮೇಲೆ ತವರು ಮಾಡಿಕೊಂಡ ಕಂಠೀರವ ಕ್ರೀಡಾಂಗಣದ ವೆಸ್ಟ್ ಬ್ಲಾಕಿನಲ್ಲಿ ತೊಂಬತ್ತು ನಿಮಿಷವೂ ಯಾರೂ ಕೂರುವುದಿಲ್ಲ. ಮುಂದಿನ ಸಾಲಿನಲ್ಲಿ ಹಾಡು ಎತ್ತಿಕೊಡುವವನೊಬ್ಬ ಮೈದಾನಕ್ಕೆ ಬೆನ್ನು ಮಾಡಿ, ಗ್ಯಾಲರಿಗೆ ಮುಖ ಮಾಡಿ ನಿಂತಿರುತ್ತಾನೆ. ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು ಬಂದವನು ಪಂದ್ಯದ ಬಹುಪಾಲನ್ನು ನೋಡುವುದೇ ಇಲ್ಲ. ಗೋಲು ಬಿದ್ದದ್ದು ಅವನಿಗೆ ಗೊತ್ತಾಗುವುದು ಎದುರಿಗಿನ ಮುಖಗಳು ಅರಳಿದಾಗ. ಡ್ರಮ್ಮಿನವರು ಪಾಳಿ ಬದಲಿಸುತ್ತಾರೆ. ದೊಡ್ಡ ಪಂದ್ಯಕ್ಕೆ ಮುನ್ನ ಬಟ್ಟೆಯ ಮೇಲೆ ಬಣ್ಣ ಬಳಿದು ಅಗಲವಾದ ಚಿತ್ರಪಟ ಮಾಡುವ ಕೆಲಸ ಬೇರೆ ಇರುತ್ತದೆ. ಅದಕ್ಕೆ ಚಂದಾ ಎತ್ತಬೇಕು, ರಜೆ ಹಾಕಬೇಕು, ನಿದ್ದೆಗೆಡಬೇಕು. ಆಟಗಾರರು ಅಂಗಣಕ್ಕೆ ಇಳಿಯುವಾಗ ಅದು ಬಿಚ್ಚಿಕೊಂಡು ಮೇಲೇರುತ್ತದೆ. ಕೆಲ ಹೊತ್ತಿನಲ್ಲಿ ಮಡಚಿ ಇಡುತ್ತಾರೆ. ಪಟದ ಕೆಳಗೆ ನಿಂತು ಅದನ್ನು ಎತ್ತಿ ಹಿಡಿದವರಿಗೆ ಚಿತ್ರ ಕಾಣುವುದೇ ಇಲ್ಲ. ಹೀಗೆ ತಮಗೆ ಕಾಣದ್ದನ್ನು ಇನ್ನೊಬ್ಬರಿಗೆ ಕಾಣಿಸಲು ಇಷ್ಟು ಜನ ಒಟ್ಟಾಗಿ ಬೆವರು ಸುರಿಸುವುದು ನಗರದ ಬೇರೆಲ್ಲಿ ಸಿಗುತ್ತದೆ?

ಈ ದನಿಯ ಫಲ ಎದ್ದು ಕಂಡದ್ದು 2016ರ ಅಕ್ಟೋಬರ್ 19ರಂದು. ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೇ ಪಂದ್ಯ. ಎದುರಿಗೆ ಹಾಲಿ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಝಿಮ್. ಅಲ್ಲಿ ಆಡಿದ ಮೊದಲ ಪಂದ್ಯ 1-1. ಕಂಠೀರವದಲ್ಲಿ ಎದುರಾಳಿಯೇ ಮೊದಲು, ಅದೂ ಆಟ ಕುದುರುವ ಮುನ್ನವೇ, ಗೋಲು ಹೊಡೆಯಿತು. ಇಂಥ ಹೊತ್ತಿನಲ್ಲಿ ಸಾಮಾನ್ಯ ಗ್ಯಾಲರಿ ತಣ್ಣಗಾಗುತ್ತದೆ. ಅಂದು ಹಾಗಾಗಲಿಲ್ಲ. ಸುನಿಲ್ ಚೆಟ್ರಿ ಮಧ್ಯಂತರಕ್ಕೆ ಮೊದಲು ಸಮ ಮಾಡಿದರು, ಎರಡನೇ ಅವಧಿಯಲ್ಲಿ ದೂರದಿಂದ ಒದ್ದ ಚೆಂಡು ಬಲೆ ಸೇರಿತು, ಹುವಾನನ್ ತಲೆಕೊಟ್ಟು ಮೂರನೆಯದನ್ನು ಸೇರಿಸಿದರು. 3-1. ಭಾರತದ ಕ್ಲಬ್ಬೊಂದು ಮೊದಲ ಬಾರಿಗೆ ಎಎಫ್‌ಸಿ ಕಪ್ ಫೈನಲ್ ತಲುಪಿತು. ದೋಹಾದ ಫೈನಲ್‌ನಲ್ಲಿ ಇರಾಕಿನ ವಾಯುಪಡೆ ತಂಡದ ಎದುರು 0-1ರಿಂದ ಸೋತದ್ದು ಆ ರಾತ್ರಿಯ ಬೆಲೆಯನ್ನು ಕಡಿಮೆ ಮಾಡಿಲ್ಲ. ಗೆಲ್ಲಿಸಿದ್ದು ಚೆಟ್ರಿಯವರ ಕಾಲೇ ಹೊರತು ಗ್ಯಾಲರಿಯ ಗಂಟಲಲ್ಲ ಎನ್ನುವವರಿದ್ದಾರೆ. ಆದರೆ ಹಿಂದೆ ಬಿದ್ದ ತಂಡ ಗಾಬರಿಗೆ ಬೀಳದೆ ಆಡಲು ಬೇಕಾದ ನೆಮ್ಮದಿ ಎಲ್ಲಿಂದಲೋ ಬರಬೇಕಲ್ಲ.

ಪಂದ್ಯ ಮುಗಿದ ಮೇಲಿನ ಒಂದು ಪದ್ಧತಿ ಇನ್ನೂ ಹೆಚ್ಚಿನದು. ಗೆಲ್ಲಲಿ ಸೋಲಲಿ, ಆಟಗಾರರು ಟ್ರ್ಯಾಕ್ ದಾಟಿ ವೆಸ್ಟ್ ಬ್ಲಾಕಿನ ಮುಂದೆ ಸಾಲಾಗಿ ನಿಲ್ಲುತ್ತಾರೆ. ಇಬ್ಬದಿಯವರೂ ಕೈಗಳನ್ನು ಮೇಲೆತ್ತುತ್ತಾರೆ. ಡ್ರಮ್ಮಿನ ಒಂದು ಏಟು, ಒಂದು ಚಪ್ಪಾಳೆ, ಮತ್ತೆ ಬಿಡುವು. ಬಿಡುವು ಕಿರಿದಾಗುತ್ತ ಹೋಗಿ ಕೊನೆಗೆ ಇಡೀ ಗ್ಯಾಲರಿಯ ಚಪ್ಪಾಳೆ ಒಂದೇ ಮಳೆಯಾಗುತ್ತದೆ. ಈ ಬಗೆಯ ಚಪ್ಪಾಳೆ 2016ರ ಯೂರೋ ಕಪ್‌ನಲ್ಲಿ ಐಸ್‌ಲೆಂಡಿನ ಅಭಿಮಾನಿಗಳಿಂದ ಜಗತ್ತಿಗೆಲ್ಲ ಹಬ್ಬಿದ್ದು. ತಂದದ್ದೇ ಆದರೂ ಇಲ್ಲಿ ಅದಕ್ಕೆ ಬೇರೊಂದು ಅರ್ಥ ಕೂಡಿಕೊಂಡಿದೆ: ಸೋತ ದಿನ ಆಟಗಾರ ಮುಖ ತಪ್ಪಿಸಿಕೊಂಡು ಹೋಗುವಂತಿಲ್ಲ, ಅಭಿಮಾನಿಯೂ ಬೆನ್ನು ತಿರುಗಿಸುವಂತಿಲ್ಲ.

ಹಾಡುಗಳ ವಿಷಯದಲ್ಲಿ ಇಷ್ಟು ಉದಾರವಾಗಿ ಹೇಳಲಾಗದು. ವೆಸ್ಟ್ ಬ್ಲಾಕಿನ ಬಹಳಷ್ಟು ಹಾಡುಗಳ ಧಾಟಿ ಇಂಗ್ಲೆಂಡಿನ ಗ್ಯಾಲರಿಗಳದ್ದು, ಪದಗಳೂ ಇಂಗ್ಲಿಷೇ. ಟೀವಿಯಲ್ಲಿ ಪ್ರೀಮಿಯರ್ ಲೀಗ್ ನೋಡುತ್ತ ಬೆಳೆದ ಪೀಳಿಗೆ ತನಗೆ ಗೊತ್ತಿದ್ದಲ್ಲಿಂದ ಶುರುಮಾಡಿದ್ದು ಸಹಜ. ಆದರೆ ಊರಿನ ಹೆಸರು ಹಿಡಿದು ಕನ್ನಡದಲ್ಲಿ ಕೂಗುವ ಘೋಷಣೆ ಎದ್ದಾಗ ಕಂಠೀರವ ಬೇರೆಯೇ ಆಗುತ್ತದೆ. ಪೂರ್ವದ ಗ್ಯಾಲರಿಯಲ್ಲಿ ಸುಮ್ಮನೆ ಕೂತವರೂ ದನಿಗೂಡಿಸುತ್ತಾರೆ. ಶಂಕರ್ ನಾಗ್ ಅವರ 1981ರ ‘ಗೀತಾ’ ಚಿತ್ರದ ಸಂತೋಷದ ಹಾಡನ್ನು ಈ ನೀಲಿ ಪಡೆ ತನ್ನ ಗೆಲುವಿನ ಹಾಡಾಗಿಸಿಕೊಂಡದ್ದು ಅದರ ಅತ್ಯುತ್ತಮ ಆಯ್ಕೆ. ಕನ್ನಡ ಬಾರದವರೂ ಆ ಸಾಲನ್ನು ಬಾಯಿತುಂಬ ಹಾಡುತ್ತಾರೆ. ವಲಸಿಗರು ಕನ್ನಡ ಕಲಿಯುವುದಿಲ್ಲವೆಂದು ದಿನವೂ ಜಗಳವಾಗುವ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ತಮಟೆ, ಡೊಳ್ಳು, ವೀರಗಾಸೆಯ ಲಯವಿರುವ ನಾಡಿನಲ್ಲಿ ಇಂಥ ಹಾಡು ಬೆರಳೆಣಿಕೆಯಷ್ಟೇ ಏಕೆ ಎಂಬ ಕೊರಗು ಉಳಿಯುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ನೆನಪಿನದು. ಬೆಂಗಳೂರಿನ ಫುಟ್‌ಬಾಲ್ 2013ರಲ್ಲಿ ಹುಟ್ಟಿದ್ದಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲೇ ರೋವರ್ಸ್ ಕಪ್ ಗೆದ್ದಿತ್ತು, ಮರುವರ್ಷವೂ ಅದನ್ನು ಬಿಟ್ಟುಕೊಡಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಈ ಭಾಗದವರು; ಈಸ್ಟ್ ಬೆಂಗಾಲ್‌ನ ಪಂಚಪಾಂಡವರಲ್ಲಿ ಒಬ್ಬರೆನಿಸಿದ ಅಹ್ಮದ್ ಖಾನ್ ಇಲ್ಲಿಯವರೇ. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಎತ್ತಿತ್ತು. ಐಟಿಐ, ಎಚ್‌ಎಎಲ್ ಕಾರ್ಖಾನೆಗಳ ತಂಡಗಳಿದ್ದವು. ಹಲಸೂರಿನ ಗೌತಮಪುರದ ರಸ್ತೆಯಲ್ಲಿ ಇಂದಿಗೂ ಪೆಲೆಯ ಪ್ರತಿಮೆ ನಿಂತಿದೆ. ಆಸ್ಟಿನ್ ಟೌನ್, ಗೌತಮಪುರದ ಹುಡುಗರು ಬರಿಗಾಲಲ್ಲಿ ಆಡಿ ಉಳಿಸಿಕೊಂಡು ಬಂದ ಆಟ ಇದು. ವೆಸ್ಟ್ ಬ್ಲಾಕಿನ ಹಾಡುಗಳಲ್ಲಿ, ಪಟಗಳಲ್ಲಿ ಈ ಹೆಸರುಗಳು ಕಾಣಿಸುವುದು ತೀರ ಅಪರೂಪ. 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ತಂದಿತು. ಅದೇ ತಿಂಗಳು ನಗರದ ಅಭಿಮಾನವೆಲ್ಲ ಬೆಂಗಳೂರು ಎಫ್‌ಸಿ ಆಡಿದ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್ ಫೈನಲ್‌ನತ್ತ ಹರಿದಿತ್ತು. ಅಶೋಕನಗರದಲ್ಲಿ ಸ್ಥಳೀಯ ಲೀಗ್ ಪಂದ್ಯಗಳು ಈಗಲೂ ನಡೆಯುತ್ತವೆ, ಗ್ಯಾಲರಿ ಬಣಗುಡುತ್ತದೆ. ಎರಡು ಡ್ರಮ್ಮು ಹಿಡಿದು ಹತ್ತಾರು ಜನ ಅಲ್ಲಿಗೆ ಹೋದರೂ ಆಡುವ ಹುಡುಗರಿಗೆ ಎಷ್ಟು ದೊಡ್ಡ ಗೌರವ!

ಕೇರಳ ಬ್ಲಾಸ್ಟರ್ಸ್ ಜತೆಗಿನ ಪೈಪೋಟಿ ಐಎಸ್‌ಎಲ್‌ಗೆ ಜೀವ ತುಂಬಿದೆ. ಬೆಂಗಳೂರಿನಲ್ಲಿ ಮಲಯಾಳಿಗಳ ಸಂಖ್ಯೆ ದೊಡ್ಡದಾದ್ದರಿಂದ ಆ ಪಂದ್ಯದ ದಿನ ಕಂಠೀರವದಲ್ಲೇ ಹಳದಿ ಸಾಗರ ಕಾಣುತ್ತದೆ, ನೀಲಿಯವರ ಗಂಟಲಿಗೆ ನಿಜವಾದ ಪರೀಕ್ಷೆ. 2023ರ ಮಾರ್ಚ್ 3ರ ಪ್ಲೇಆಫ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ ಚೆಟ್ರಿ ಥಟ್ಟನೆ ತೆಗೆದುಕೊಂಡ ಫ್ರೀ ಕಿಕ್ ಗೋಲಾಗಿ, ಅದನ್ನು ಒಪ್ಪದ ಬ್ಲಾಸ್ಟರ್ಸ್ ಅಂಗಣ ಬಿಟ್ಟು ಹೊರನಡೆದದ್ದನ್ನು ಎರಡೂ ಕಡೆಯವರು ಮರೆತಿಲ್ಲ. ಕಾಲೆಳೆಯುವುದು ಈ ಆಟದ ಸೊಗಸು. ಆದರೆ ಎರಡೂ ಕಡೆ ಅದು ಅಮ್ಮ ಅಕ್ಕನ ಬೈಗುಳಕ್ಕೆ, ಆಟಗಾರನ ಮನೆಯವರ ನಿಂದೆಗೆ ಜಾರಿದ್ದುಂಟು. ಮಗಳನ್ನು ಪಂದ್ಯಕ್ಕೆ ಕರೆತರುವ ಅಪ್ಪ, ತಾವಾಗಿಯೇ ಬಂದು ಸಾಲಿನಲ್ಲಿ ನಿಂತು ಹಾಡುವ ಹೆಣ್ಣುಮಕ್ಕಳು ಮುಂದಿನ ಸಲ ಬರುವುದನ್ನು ನಿಲ್ಲಿಸಿದರೆ ಅದು ಯಾವ ಸೋಲಿಗಿಂತಲೂ ದೊಡ್ಡ ನಷ್ಟ. ಇಂಥ ಕೂಗು ಎದ್ದಾಗ ಡ್ರಮ್ಮು ನಿಲ್ಲಿಸಿ ಅದನ್ನು ಅಡಗಿಸುವ ಹೊಣೆ ಬಳಗದ ಹಿರಿಯರದ್ದೇ.

ಇನ್ನು ಮನೆಯ ಮಾತು. ಕಂಠೀರವ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸಜ್ಜಾದ ಅಥ್ಲೆಟಿಕ್ಸ್ ಅಂಗಣ. ಗ್ಯಾಲರಿಗೂ ಚೆಂಡಿಗೂ ನಡುವೆ ಓಟದ ಟ್ರ್ಯಾಕ್ ಇದೆ. ಎಷ್ಟೇ ಕೂಗಿದರೂ ದನಿಯ ಅರ್ಧ ಗಾಳಿಪಾಲು. ಅಭ್ಯಾಸಕ್ಕೆ ಜಾಗ ಕಳೆದುಕೊಂಡ ಅಥ್ಲೀಟುಗಳು, ಕೋಚುಗಳು ಹೈಕೋರ್ಟ್ ಮೆಟ್ಟಿಲೇರಿದರು. ಅವರ ದೂರಿನಲ್ಲಿ ಹುರುಳಿತ್ತು. ಸಾರ್ವಜನಿಕ ಅಂಗಣ, ಎರಡು ಕ್ರೀಡೆ, ಎರಡಕ್ಕೂ ಬೇರೆ ದಾರಿ ತೋರದ ಸರ್ಕಾರ. ಆ ಹೊತ್ತಿನಲ್ಲಿ ಫುಟ್‌ಬಾಲ್ ಅಭಿಮಾನಿಗಳು ಓಟಗಾರರ ಜತೆ ನಿಂತು, ನಗರಕ್ಕೆ ಫುಟ್‌ಬಾಲಿಗೆಂದೇ ಒಂದು ಸ್ಟೇಡಿಯಂ ಬೇಕೆಂದು ಒಟ್ಟಿಗೆ ಕೇಳಬೇಕಿತ್ತು. ಅಂಥ ಗಟ್ಟಿ ಬೇಡಿಕೆ ಎದ್ದದ್ದು ಕೇಳಲಿಲ್ಲ.

ಅಭಿಮಾನಿಗಳ ಸುರಕ್ಷತೆಯ ಮಾತೂ ಇದೆ. 2025ರ ಜೂನ್ 4ರಂದು, ಕಂಠೀರವದಿಂದ ನಡೆದು ಹೋಗುವಷ್ಟು ದೂರದ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಆರ್‌ಸಿಬಿ ವಿಜಯೋತ್ಸವಕ್ಕೆ ಬಂದ 11 ಜನ ಕಾಲ್ತುಳಿತದಲ್ಲಿ ಸತ್ತರು. ಅಭಿಮಾನಿಯನ್ನು ಬರಿಯ ಜನಜಂಗುಳಿಯೆಂದು ಕಾಣುವ ಆಡಳಿತದ ಫಲ ಅದು. ಯಾವ ಗೇಟು, ಯಾವ ಸಾಲು, ಎಷ್ಟು ಜನ ಎಂದು ಬಲ್ಲ ಸಂಘಟಿತ ಬಳಗಗಳ ಜತೆ ಪೊಲೀಸರೂ ಆಯೋಜಕರೂ ಮೊದಲೇ ಕೂತು ಮಾತಾಡುವ ಪದ್ಧತಿ ಈ ನಗರಕ್ಕೆ ತುರ್ತಾಗಿ ಬೇಕು. ವೆಸ್ಟ್ ಬ್ಲಾಕ್ ಬ್ಲೂಸ್‌ಗೆ ಆ ಅನುಭವವಿದೆ.

ಸೋಲಿನ ಪ್ರಶ್ನೆಗೆ ಬಂದರೆ ಬಳಗದ ಲೆಕ್ಕ ಚೆನ್ನಾಗಿಯೇ ಇದೆ. 2015ರ ಮೇ 31ರಂದು ಇದೇ ಕಂಠೀರವದಲ್ಲಿ ಮೋಹನ್ ಬಾಗಾನ್‌ನ ಬೆಲ್ಲೊ ರಝಾಕ್ ಕೊನೆಯ ನಿಮಿಷಗಳಲ್ಲಿ ಸಮ ಮಾಡಿ ಐ-ಲೀಗ್ ಕಸಿದುಕೊಂಡರು. 2018ರ ಐಎಸ್‌ಎಲ್ ಫೈನಲ್ ತವರಿನಲ್ಲೇ ಚೆನ್ನೈಯಿನ್ ಎದುರು 2-3ರಲ್ಲಿ ಕೈತಪ್ಪಿತು. ಮರುವರ್ಷ ಮುಂಬೈಯಲ್ಲಿ ರಾಹುಲ್ ಭೇಕೆ ಹೊಡೆದ ಗೋಲಿನಿಂದ ಟ್ರೋಫಿ ಬಂತು. ಕೋವಿಡ್‌ನಿಂದಾಗಿ ಎರಡು ಋತುಗಳು ಗೋವಾದ ಖಾಲಿ ಅಂಗಣಗಳಲ್ಲಿ ಕಳೆದವು. 2023-24ರಲ್ಲಿ ತಂಡ ಹನ್ನೆರಡರಲ್ಲಿ ಹತ್ತನೆಯದಾಯಿತು. ಗ್ಯಾಲರಿ ತೆಳುವಾಯಿತು, ವೆಸ್ಟ್ ಬ್ಲಾಕ್ ಬರಿದಾಗಲಿಲ್ಲ. ಸಿಕಂದರಾಬಾದಿನಲ್ಲಿ ಹುಟ್ಟಿದ ಚೆಟ್ರಿ ಮೊದಲ ದಿನದಿಂದ ಇದೇ ಕ್ಲಬ್ಬಿನ ಮುಖವಾಗಿ ಉಳಿದದ್ದೂ ಇದಕ್ಕೆ ಕಾರಣ. 2018ರಲ್ಲಿ ಮುಂಬೈಯಲ್ಲಿ ಭಾರತದ ಪಂದ್ಯಕ್ಕೆ 2,569 ಜನರಷ್ಟೇ ಬಂದಾಗ, ಬಂದು ನಮ್ಮನ್ನು ಬೈದರೂ ಸರಿ, ಬನ್ನಿ ಎಂದು ಅವರು ದೇಶಕ್ಕೇ ಮನವಿ ಮಾಡಬೇಕಾಯಿತು. ಕಂಠೀರವದಲ್ಲಿ ಅವರಿಗೆ ಆ ಮಾತು ಆಡುವ ಸಂದರ್ಭ ಬರಲಿಲ್ಲ.

ಒಂದು ಪರೀಕ್ಷೆ ಮಾತ್ರ ಇನ್ನೂ ಬಾಕಿ: ಮಾಲೀಕರ ಎದುರು ನಿಲ್ಲುವುದು. ಕೋಲ್ಕತ್ತಾದಲ್ಲಿ ತಮ್ಮ ಕ್ಲಬ್ಬಿನ ಹೆಸರಿಗೆ ಎಟಿಕೆ ಎಂಬ ಇನ್ನೊಂದು ಕ್ಲಬ್ಬಿನ ಹೆಸರನ್ನು ಅಂಟಿಸಿದ್ದನ್ನು ಬಾಗಾನ್ ಅಭಿಮಾನಿಗಳು ಒಪ್ಪಲಿಲ್ಲ. ಬಾವುಟ ಕಟ್ಟಿದರು, ಬೀದಿಗಿಳಿದರು, ಪಂದ್ಯ ಬಹಿಷ್ಕರಿಸಿದರು. 2023ರ ಮಾರ್ಚ್‌ನಲ್ಲಿ ಬೆಂಗಳೂರನ್ನೇ ಪೆನಾಲ್ಟಿಯಲ್ಲಿ ಸೋಲಿಸಿ ಐಎಸ್‌ಎಲ್ ಗೆದ್ದ ರಾತ್ರಿ ಮಾಲೀಕರು ಆ ಹೆಸರನ್ನು ಕಿತ್ತುಹಾಕುವುದಾಗಿ ಘೋಷಿಸಿದರು. ಬೆಂಗಳೂರಿನಲ್ಲಿ ಅಭಿಮಾನಿಗೂ ಕ್ಲಬ್ಬಿಗೂ ಅಂಥ ಜಗಳ ಬಂದೇ ಇಲ್ಲ; ಜೆಎಸ್‌ಡಬ್ಲ್ಯು ಕ್ಲಬ್ಬನ್ನು ಅಚ್ಚುಕಟ್ಟಾಗಿ ನಡೆಸಿದೆ, ವಿಜಯನಗರದ ತನ್ನ ಕ್ರೀಡಾ ಸಂಸ್ಥೆಯಲ್ಲಿ ಎಳೆಯರಿಗೆ ತರಬೇತಿ ಕೊಡುತ್ತಿದೆ. ಸಂಬಂಧ ಚೆನ್ನಾಗಿರುವುದು ಒಳ್ಳೆಯದೇ, ಆದರೆ ಅದು ಅಭಿಮಾನಿಗೆ ಕೊಟ್ಟ ಹಕ್ಕೇನಲ್ಲ. 2025ರಲ್ಲಿ ಫುಟ್‌ಬಾಲ್ ಫೆಡರೇಷನ್ನಿಗೂ ಲೀಗ್ ನಡೆಸುವ ಕಂಪನಿಗೂ ಒಪ್ಪಂದ ಮುಂದುವರಿಯದೆ ಐಎಸ್‌ಎಲ್ ಅತಂತ್ರವಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಆ ನಿರ್ಧಾರವಾದ ಕೋಣೆಯಲ್ಲಿ ಹನ್ನೆರಡು ವರ್ಷ ಗಂಟಲು ಹರಿದುಕೊಂಡವರ ಕಡೆಯವರು ಒಬ್ಬರೂ ಇರಲಿಲ್ಲ.

ಜರ್ಮನಿಯಲ್ಲಿ ಕ್ಲಬ್ಬಿನ ಮತದ ಬಹುಪಾಲು ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ಲಂಡನ್ನಿನ ವಿಂಬಲ್ಡನ್ ಕ್ಲಬ್ಬನ್ನು ಬೇರೆ ಊರಿಗೆ ಸಾಗಿಸಲು ಹೊರಟಾಗ ಅಭಿಮಾನಿಗಳು 2002ರಲ್ಲಿ ತಮ್ಮದೇ ಕ್ಲಬ್ ಕಟ್ಟಿಕೊಂಡರು. ಅಷ್ಟು ದೂರ ಹೋಗುವ ಅಗತ್ಯ ಬೆಂಗಳೂರಿಗೆ ಬಾರದಿರಲಿ. ಆಡಳಿತ ಮಂಡಳಿಯಲ್ಲಿ ಬೆಂಬಲಿಗರ ಪರವಾಗಿ ಒಂದು ಕುರ್ಚಿ, ಕ್ಲಬ್ಬಿನ ಹೆಸರು ಬಣ್ಣ ಊರು ಬದಲಿಸುವ ಮುನ್ನ ಅವರ ಒಪ್ಪಿಗೆ, ಟಿಕೆಟ್ ದರ ನಿಗದಿಯಾಗುವ ಮುನ್ನ ಒಂದು ಮಾತುಕತೆ. ವೆಸ್ಟ್ ಬ್ಲಾಕ್ ಬ್ಲೂಸ್ ಕೇಳಬೇಕಾದದ್ದು ಇಷ್ಟು, ಮತ್ತು ತಂಡ ಗೆಲ್ಲುತ್ತಿರುವಾಗಲೇ ಕೇಳಬೇಕು.