ಮತ, ನಿಷ್ಠೆ, ಪಕ್ಷ: ಒಂದು ಪದವಿಮರ್ಶೆ

ಸಾಮಾಜಿಕ ಪ್ರಶ್ನೆಗಳು ಅಲ್ಪಸಂಖ್ಯಾತರ ಪಕ್ಷನಿಷ್ಠೆಯನ್ನು ಕದಲಿಸಬಲ್ಲವೇ ಎಂಬ ಚರ್ಚೆಯು ಪ್ರತಿಯೊಂದು ಚುನಾವಣೆಯ ತರುವಾಯವೂ ನಡೆಯುತ್ತಿರುವುದಷ್ಟೆ. ಕದಲಿಸಬಲ್ಲವೆಂದು ಕೆಲವರ ವಾದ, ಇಲ್ಲವೆಂದು ಕೆಲವರದು. ಈ ಎರಡು ವಾದಗಳಿಗೂ ಸಮಾನವಾದ ಊಹೆಯೊಂದುಂಟು: ಕದಲುವುದಕ್ಕೆ ಮೊದಲು ಅಂಥದೊಂದು ನಿಷ್ಠೆಯು ಇದ್ದೇ ಇರುವುದೆಂಬುದು. ಈ ಊಹೆಯು ಪ್ರಮಾಣದಿಂದ ಹುಟ್ಟಿದುದಲ್ಲ, ನಾವು ಬಳಸುವ ಪದಗಳಿಂದ ಹುಟ್ಟಿದುದು ಎಂಬುದೇ ಈ ಲೇಖನದ ಪ್ರತಿಪಾದ್ಯ.

ಮೊದಲು ಪದಗಳನ್ನು ನೋಡೋಣ. ‘ಮತ’ವೆಂಬುದು ಸಂಸ್ಕೃತದ ‘ಮನ್’ ಧಾತುವಿನಿಂದ ಬಂದುದು. ಎಣಿಸಿದುದು, ಅಭಿಪ್ರಾಯ ಎಂಬುದೇ ಅದರ ಮೂಲಾರ್ಥ. ಜೈನಮತ, ದ್ವೈತಮತ ಎಂಬೆಡೆಗಳಲ್ಲಿ ಅದು ಧರ್ಮಕ್ಕೂ ಸಿದ್ಧಾಂತಕ್ಕೂ ಸಂದಿತು. ಚುನಾವಣೆಗಳು ಬಂದ ಮೇಲೆ ಓಟಿಗೂ ಅದೇ ಹೆಸರಾಯಿತು. ಹೀಗೆ ಒಂದೇ ಪದವು ಹಲವು ಅರ್ಥಗಳನ್ನು ಹೊತ್ತುದರಿಂದ, ಒಂದು ಮತದವರ ಮತವೆಲ್ಲ ಒಂದೇ ಎಂಬ ಮಾತು ಯುಕ್ತಿಯಂತೆ ಕೇಳಿಸುತ್ತದೆ. ಅದು ಶ್ಲೇಷೆಯೇ ಹೊರತು ಯುಕ್ತಿಯಲ್ಲ. ‘ನಿಷ್ಠೆ’ಯಾದರೋ ಷಟ್‌ಸ್ಥಲಶಾಸ್ತ್ರದಲ್ಲಿ ಮಹೇಶ್ವರಸ್ಥಲದ ಭಕ್ತಿಗೆ ಸಲ್ಲುವ ಹೆಸರು, ಅನ್ಯವನ್ನು ಒಲ್ಲದಿರುವುದೇ ಅದರ ಲಕ್ಷಣ. ಅದನ್ನು ಪಕ್ಷಕ್ಕೆ ಹಚ್ಚಿದೊಡನೆ ಮತದಾರನು ಭಕ್ತನಾಗುತ್ತಾನೆ. ಓಟನ್ನು ಬೇರೆಡೆಗೆ ಹಾಕಿದರೆ ವ್ರತಭಂಗವಾದಂತೆ ತೋರುತ್ತದೆ. ಬಹುಸಂಖ್ಯಾತರು ಪಕ್ಷವನ್ನು ಬದಲಿಸಿದರೆ ವಿವೇಚನೆಯೆಂದೂ, ಅಲ್ಪಸಂಖ್ಯಾತರು ಬದಲಿಸಿದರೆ ನಿಷ್ಠೆ ಸಡಿಲಿತೆಂದೂ ಹೇಳುವ ವಾಡಿಕೆಯು ಇಲ್ಲಿಂದಲೇ ಬಂದುದು.

ಇನ್ನು ದೃಷ್ಟಾಂತಗಳು. ಯಾದಗಿರಿ, ಶಹಾಪುರ, ಸುರಪುರಗಳು ೧೯೪೮ರವರೆಗೆ ನಿಜಾಮರ ಸೀಮೆ. ೧೯೫೬ರಲ್ಲಿ ಮೈಸೂರು ರಾಜ್ಯವನ್ನು ಸೇರಿದುವು. ೨೦೧೦ರಿಂದ ಪ್ರತ್ಯೇಕವಾದ ಯಾದಗಿರಿ ಜಿಲ್ಲೆಯಲ್ಲಿವೆ. ಇಲ್ಲಿನ ಮುಖ್ಯ ಅಲ್ಪಸಂಖ್ಯಾತರು ಮುಸಲ್ಮಾನರು. ಶಹಾಪುರದಲ್ಲಿ ಶರಣಬಸಪ್ಪ ದರ್ಶನಾಪುರರು ೨೦೦೪ರಲ್ಲಿ ಜಾತ್ಯತೀತ ಜನತಾದಳದಿಂದಲೂ ೨೦೦೮ರಲ್ಲಿ ಕಾಂಗ್ರೆಸಿನಿಂದಲೂ ಗೆದ್ದರು. ೨೦೧೩ರಲ್ಲಿ ಕರ್ನಾಟಕ ಜನತಾ ಪಕ್ಷಕ್ಕೆ ಸೋತು, ೨೦೧೮ ಮತ್ತು ೨೦೨೩ರಲ್ಲಿ ಪುನಃ ಕಾಂಗ್ರೆಸಿನಿಂದ ಗೆದ್ದರು. ಸುರಪುರದಲ್ಲಿ ನರಸಿಂಹ ನಾಯಕರು ೨೦೦೪ರಲ್ಲಿ ಕನ್ನಡನಾಡು ಪಕ್ಷದಿಂದಲೂ ೨೦೦೮ರಲ್ಲಿ ಭಾರತೀಯ ಜನತಾ ಪಕ್ಷದಿಂದಲೂ ಆರಿಸಿಬಂದರು. ಅಭ್ಯರ್ಥಿಯನ್ನು ಹಿಂಬಾಲಿಸಿದ ಮತದಾರನು ಪಕ್ಷವನ್ನು ಬಿಟ್ಟಂತಾಯಿತು. ಪಕ್ಷದಲ್ಲಿ ನಿಂತವನು ಅಭ್ಯರ್ಥಿಯನ್ನು ಬಿಟ್ಟಂತಾಯಿತು. ಇವರಲ್ಲಿ ನಿಷ್ಠಾವಂತನು ಯಾರು? ಮೊದಲು ಕದಲಿದವನಂತೂ ಮತದಾರನಲ್ಲ.

ಪೂರ್ವಪಕ್ಷದವರು ೨೦೨೩ರ ಚುನಾವಣೆಯನ್ನು ಮುಂದೊಡ್ಡುವರು. ಅವರ ವಾದವು ಅಲ್ಲಗಳೆಯತಕ್ಕುದಲ್ಲ. ೨೦೨೨ರ ಫೆಬ್ರವರಿಯಲ್ಲಿ ಸಮವಸ್ತ್ರದ ಆಜ್ಞೆಯು ಹೊರಟಿತು. ಮಾರ್ಚ್ ೧೫ರಂದು ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಅಂದೇ ಸುರಪುರ ತಾಲ್ಲೂಕಿನ ಕೆಂಭಾವಿಯ ಸರಕಾರಿ ಪದವಿಪೂರ್ವ ಕಾಲೇಜಿನಲ್ಲಿ ಕೆಲವರು ವಿದ್ಯಾರ್ಥಿನಿಯರು ಪೂರ್ವಸಿದ್ಧತಾ ಪರೀಕ್ಷೆಯನ್ನು ಬಿಟ್ಟು ಹೊರನಡೆದರು. ೨೦೧೧ರ ಜನಗಣತಿಯಲ್ಲಿ ಸಾಕ್ಷರತೆಯು ಶೇಕಡಾ ೫೨ರಷ್ಟೇ ಇದ್ದು, ರಾಜ್ಯದಲ್ಲಿಯೇ ಕಡೆಯದಾಗಿದ್ದ ಈ ಜಿಲ್ಲೆಯಲ್ಲಿ, ಕಾಲೇಜಿನವರೆಗೆ ಬಂದ ಹುಡುಗಿಯೊಬ್ಬಳು ಪರೀಕ್ಷೆಯನ್ನು ಬಿಡುವುದೆಂದರೆ ಅಲ್ಪವಿಷಯವಲ್ಲ. ೨೦೨೩ರ ಮಾರ್ಚಿಯಲ್ಲಿ ಮುಸಲ್ಮಾನರ ಶೇಕಡಾ ೪ರ ಮೀಸಲಾತಿಯನ್ನು ತೆಗೆಯುವ ಆಜ್ಞೆಯಾಯಿತು. ಸರ್ವೋಚ್ಚ ನ್ಯಾಯಾಲಯದ ಮುಂದೆ ಅದರ ಜಾರಿಯು ನಿಂತಿತು. ಮೇ ತಿಂಗಳಲ್ಲಿ ಯಾದಗಿರಿ, ಸುರಪುರಗಳು ಭಾರತೀಯ ಜನತಾ ಪಕ್ಷದಿಂದ ಕಾಂಗ್ರೆಸಿಗೆ ಹೋದುವು.

ಆದರೆ ಅದೇ ಜಿಲ್ಲೆಯ ಗುರುಮಠಕಲ್ಲು ೨೦೧೮ರಂತೆಯೇ ಜನತಾದಳವನ್ನು ಆರಿಸಿತು. ಪ್ರಶ್ನೆಯೊಂದೇ ಆಗಿದ್ದು ಫಲವು ಬೇರೆಯಾದರೆ, ಆ ಪ್ರಶ್ನೆಯನ್ನು ಏಕೈಕ ಕಾರಣವೆನ್ನಲಾಗದು. ಮೇಲಾಗಿ ಓಟು ಗುಪ್ತವಾದುದು; ಪೆಟ್ಟಿಗೆಯು ಧರ್ಮವನ್ನು ಹೇಳುವುದಿಲ್ಲ. ೨೦೦೮ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿರುವ ಸುರಪುರದಲ್ಲಿ ಸ್ಪರ್ಧೆಯು ಬಹುಮಟ್ಟಿಗೆ ಇಬ್ಬರು ನಾಯಕರ ನಡುವಣದು. ಅಲ್ಲಿ ಸಾಮಾಜಿಕ ಪ್ರಶ್ನೆಯು ಮತದಾರನನ್ನು ಪಕ್ಷದಿಂದ ಪಕ್ಷಕ್ಕೆ ಒಯ್ಯುವುದಕ್ಕಿಂತ ಮನೆಯಿಂದ ಮತಗಟ್ಟೆಗೆ ಒಯ್ಯುವುದೇ ಹೆಚ್ಚು ಸಂಭಾವ್ಯ. ಮೂರನೆಯ ಪಕ್ಷವು ಪ್ರಬಲವಾಗಿರುವೆಡೆಯಲ್ಲಿ ಮಾತ್ರ ಒಂದರಿಂದ ಮತ್ತೊಂದಕ್ಕೆ ಸರಿಯುವ ಅವಕಾಶವು ಹಿರಿದು.

ಅನಂತರ ನಡೆದುದು ಇನ್ನೂ ಬೋಧಪ್ರದವಾಗಿದೆ. ೨೦೨೩ರ ಸೆಪ್ಟೆಂಬರಿನಲ್ಲಿ ಜನತಾದಳವು ಭಾರತೀಯ ಜನತಾ ಪಕ್ಷದೊಡನೆ ಮೈತ್ರಿ ಮಾಡಿಕೊಂಡಿತು. ಇದನ್ನು ಒಪ್ಪದ ಅದರ ರಾಜ್ಯಾಧ್ಯಕ್ಷ ಸಿ. ಎಂ. ಇಬ್ರಾಹಿಮರು ಅಕ್ಟೋಬರಿನಲ್ಲಿ ಪದಚ್ಯುತರಾದರು. ಮೇ ತಿಂಗಳಲ್ಲಿ ಗುರುಮಠಕಲ್ಲಿನಲ್ಲಿ ಆ ಪಕ್ಷಕ್ಕೆ ಓಟು ಕೊಟ್ಟ ಮುಸಲ್ಮಾನನು ನಿಂತಲ್ಲಿಯೇ ನಿಂತಿದ್ದನು, ಪಕ್ಷವು ಸರಿದಿತ್ತು. ಮುಂದೆ ಅವನು ಬೇರೆ ಕಡೆಗೆ ಓಟು ಹಾಕಿದರೆ, ಹಳೆಯ ಎಣಿಕೆಯನ್ನೇ ಕಾಪಾಡಿಕೊಂಡನೆಂದೂ ಹೇಳಬಹುದಲ್ಲವೇ?

ಆದುದರಿಂದ ಪ್ರಶ್ನೆಯನ್ನು ಬೇರೆ ಪದಗಳಲ್ಲಿ ಕೇಳಬೇಕಾಗಿದೆ. ಮಕ್ಕಳ ಓದು, ಮೀಸಲಾತಿ, ನೆಮ್ಮದಿ ಇವುಗಳ ಕುರಿತು ಮತದಾರನಿಗೊಂದು ಎಣಿಕೆಯುಂಟು. ಸ್ಥಿರವಾದುದೇನಾದರೂ ಇದ್ದರೆ ಅದೇ. ಸಾಮಾಜಿಕ ಪ್ರಶ್ನೆಯು ಆ ಎಣಿಕೆಯನ್ನು ತೀಕ್ಷ್ಣಗೊಳಿಸುತ್ತದೆ. ಅದಕ್ಕೆ ಯಾವ ಪಕ್ಷವು ಹೊಂದುವುದೆಂಬುದು ಆಯಾ ಕ್ಷೇತ್ರದಲ್ಲಿ, ಆಯಾ ಕಾಲದಲ್ಲಿ ತೀರ್ಮಾನವಾಗುತ್ತದೆ. ‘ನಿಷ್ಠೆ’ಯೆಂಬಲ್ಲಿ ‘ಎಣಿಕೆ’ಯೆಂದು ಹೇಳಿದರೆ ‘ಮತ’ಕ್ಕೆ ಅದರ ಮೂಲಾರ್ಥವು ಮರಳಿ ಬರುವುದಲ್ಲದೆ, ಅಲ್ಪಸಂಖ್ಯಾತನಿಗೂ ಉಳಿದವರಂತೆ ವಿವೇಚಿಸುವ ಪ್ರಜೆಯೆಂಬ ಮನ್ನಣೆಯು ದೊರೆಯುವುದು. ಪದಗಳನ್ನು ಕಲಿಸುವ ಉಪಾಧ್ಯಾಯರು ಇಷ್ಟನ್ನು ತರಗತಿಯಲ್ಲಿ ಬಿಡಿಸಿ ಹೇಳಿದರೂ ಉಪಕಾರವಾಗುವುದು.