ಇನ್ನೆರಡೇ ಇಂಚು

ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿರೋ ನನ್ನ ಗೆಳೆಯ ಹೋದ ವರ್ಷ ಸೆಕೆಂಡ್ ಹ್ಯಾಂಡ್ ಪಿಕಪ್ ಒಂದನ್ನ ತಗೊಂಡ. ಹಳೇ ಯಜಮಾನ ಅದನ್ನ ಆಗಲೇ ನಾಲ್ಕು ಇಂಚು ಎತ್ತರಿಸಿ, 33 ಇಂಚಿನ ಟೈರ್ ಹಾಕಿಸಿ, ಒಂದಷ್ಟು ದಿನ ಮೆರೆದು ಮಾರಿದ್ದ. ಹಾಸನದಿಂದ ಬಂದಿದ್ದ ಗೆಳೆಯನ ಅಮ್ಮ ಅದನ್ನ ನೋಡಿ, "ಏನಪ್ಪಾ ಇದು, ಲಾರಿ ತಗೊಂಡ್ಯಾ?" ಅಂದಿದ್ರಂತೆ. ಹತ್ತೋಕೆ ಸ್ಟೂಲ್ ಬೇಕಾಯ್ತು. ಅಷ್ಟಾದ್ರೂ ಒಂದು ಶನಿವಾರ ಫೋನ್ ಮಾಡಿ ಅಂತಾನೆ: "ಇನ್ನೆರಡೇ ಇಂಚು ಎತ್ತಿ 35 ಹಾಕ್ಬೇಕು ಕಣೋ. ಸಾವಿರ ಡಾಲರ್ ಒಳಗೆ ಆಗುತ್ತೆ. ಬಾ."

ನಾನು ಮೆಕ್ಯಾನಿಕಲ್ ಓದಿದವನು, ಆದ್ರೆ ಈಗ ಸ್ಪ್ರೆಡ್‌ಶೀಟ್ ತುಂಬುವವನು. ಆದರೂ ಹೋದೆ. ಆ ಗಾಡಿಯನ್ನ ಓಡಿಸೋನು ಅವನಲ್ಲ, ಹದಿನಾರು ತುಂಬಿದ ಅವನ ಮಗ ಅನ್ನೋದು ಒಂದು ಕಾರಣ. ಇನ್ನೊಂದು, ಅಮೆರಿಕದ ಈ ಕಲಾಪ್ರಕಾರದ ಮೇಲೆ ನನಗೆ ಬಹಳ ದಿನದಿಂದ ತಕರಾರಿತ್ತು. ಕಲಾಪ್ರಕಾರ ಅಂತ ತಮಾಷೆಗೆ ಹೇಳ್ತಿಲ್ಲ. ಬಣ್ಣ, ಪ್ರಮಾಣ, ನಿಲುವು ಎಲ್ಲ ಲೆಕ್ಕ ಹಾಕಿ ಮಾಡ್ತಾರೆ. ಹಾಗಿದ್ದ ಮೇಲೆ ವಿಮರ್ಶೆಯನ್ನೂ ತಡ್ಕೋಬೇಕು.

ಮೊದಲ ತಕರಾರು ಎತ್ತರ ಅನ್ನೋ ಮಾತಿನ ಬಗ್ಗೆಯೇ. ಅಗ್ಗದ ದಾರಿ ಅಂತ ಎಲ್ಲರೂ ತೋರಿಸೋದು ಬಾಡಿ ಲಿಫ್ಟ್. ಚಾಸಿಗೂ ಬಾಡಿಗೂ ನಡುವೆ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆ ಇಟ್ಟು ಉದ್ದದ ಬೋಲ್ಟ್ ಹಾಕೋದು. ಕೆಲವು ನೂರು ಡಾಲರ್, ಒಂದು ವಾರಾಂತ್ಯ, ಮುಗೀತು. ಮಡ್ಗಾರ್ಡ್ ಮೇಲೆ ಹೋಗುತ್ತೆ, ದೊಡ್ಡ ಟೈರಿಗೆ ಜಾಗ ಸಿಗುತ್ತೆ, ನಿಜ. ಆದ್ರೆ ಚಾಸಿ, ಆಕ್ಸಲ್, ಡಿಫರೆನ್ಷಿಯಲ್ ಎಲ್ಲ ಇದ್ದಲ್ಲೇ ಇರ್ತವೆ. ಕಲ್ಲಿಗೆ ತಗುಲೋ ಗುಂಡು ಒಂದು ಕೂದಲೆಳೆಯಷ್ಟೂ ಮೇಲೇಳಲ್ಲ. ಅದನ್ನ ಎತ್ತೋದು ಟೈರ್ ಒಂದೇ, ಅದೂ ಅರ್ಧದಷ್ಟು. 33 ತೆಗೆದು 35 ಹಾಕಿದ್ರೆ ವ್ಯಾಸ ಎರಡಿಂಚು ಹೆಚ್ಚು, ಆಕ್ಸಲ್ ಒಂದಿಂಚು ಮೇಲೆ. ಇಷ್ಟಕ್ಕೇ ಇಷ್ಟೆಲ್ಲ. ಬಾಡಿ ಲಿಫ್ಟ್ ಮಾಡಿದ ಗಾಡಿಯನ್ನ ಪಕ್ಕದಿಂದ ನೋಡಿ, ಚಾಸಿಗೂ ಬಾಡಿಗೂ ನಡುವೆ ಬೆಳಕು ಕಾಣುತ್ತೆ. ಅಂಗಿ ಮೇಲೆ, ಪಂಚೆ ಕೆಳಗೆ, ನಡುವೆ ಹೊಟ್ಟೆ.

ಎರಡನೇದು ಹಿಂದಿನ ಬ್ಲಾಕ್. ಇಲ್ಲಿ ಸ್ವಲ್ಪ ನಿಲ್ತೀನಿ, ಯಾಕಂದ್ರೆ ಅವತ್ತು ನಮ್ಮಿಬ್ಬರಿಗೆ ಜಗಳ ಆಗಿದ್ದೇ ಇದರ ಮೇಲೆ. ಪಿಕಪ್ ಹಿಂಭಾಗದಲ್ಲಿ ಪ್ಲೇಟಿನ ಸ್ಪ್ರಿಂಗ್ ಇರುತ್ತಲ್ಲ, ಅದಕ್ಕೂ ಆಕ್ಸಲ್ಲಿಗೂ ನಡುವೆ ಹಳೇ ಯಜಮಾನ ಒಂದು ಕಬ್ಬಿಣದ ದಿಮ್ಮಿ ಇಡಿಸಿದ್ದ. ಗೆಳೆಯ ಅದರ ಮೇಲೆ ಇನ್ನೊಂದು ಇಡೋಕೆ ಹೊರಟಿದ್ದ. ದಿಮ್ಮಿಯ ಬೆಲೆ ಎಷ್ಟಿರಬಹುದು? ಹೋಟ್ಲಿನಲ್ಲಿ ಮನೆಮಂದಿ ಊಟ ಮಾಡಿದಷ್ಟು. ಆದ್ರೆ ಆಕ್ಸೆಲರೇಟರ್ ಒತ್ತಿದಾಗ, ಬ್ರೇಕ್ ಹಾಕಿದಾಗ ಆಕ್ಸಲ್ ತಾನೇ ತಿರುಗೋಕೆ ನೋಡುತ್ತೆ, ಸ್ಪ್ರಿಂಗ್ ಹಾವಿನ ಥರ ಸೊಟ್ಟಗಾಗುತ್ತೆ. ದಿಮ್ಮಿ ಎತ್ತರ ಆದಷ್ಟೂ ಆ ತಿರುಚು ಜಾಸ್ತಿ. ದಿಮ್ಮಿ ಮೇಲೆ ದಿಮ್ಮಿ ಇದ್ರೆ ಜಾರೋಕೆ ಇನ್ನೊಂದು ಸಂದು ಕೊಟ್ಟ ಹಾಗೆ. ಇಷ್ಟನ್ನೂ ಹಿಡಿದಿರೋದು ಯು ಬೋಲ್ಟ್. ಒಮ್ಮೆ ಬಿಗಿದ ಯು ಬೋಲ್ಟ್ ಎಳೆದುಕೊಂಡಿರುತ್ತೆ, ಬಿಚ್ಚಿದ ಮೇಲೆ ಅದನ್ನೇ ಮತ್ತೆ ಹಾಕಬಾರದು. ಇವನು ಹಳೇದನ್ನೇ ತಂತಿ ಬ್ರಷ್‌ನಲ್ಲಿ ಉಜ್ಜಿ ಸಾಲಾಗಿ ಜೋಡಿಸಿಟ್ಟಿದ್ದ!

"ನಮ್ಮೂರಲ್ಲಿ ಶುಂಠಿ, ಆಲೂಗಡ್ಡೆ ಹೊರೋ ಪಿಕಪ್‌ಗೆಲ್ಲ ಎಕ್ಸ್‌ಟ್ರಾ ಪ್ಲೇಟ್ ಹಾಕಲ್ವೇನೋ? ಏನಾಗಿದೆ?" ಅಂದ. ಹಾಕ್ತಾರೆ. ಆದ್ರೆ ಅವರು ಹಾಕೋದು ಸ್ಪ್ರಿಂಗಿನ ಪ್ಲೇಟು, ದಿಮ್ಮಿಯಲ್ಲ. ಅದು ಭಾರ ಹೊರೋಕೆ, ಎತ್ತರ ಕಾಣೋಕಲ್ಲ. ಅದೂ ಕಾನೂನಿಗೆ ಸರಿ ಅಂತ ನಾನು ಹೇಳ್ತಿಲ್ಲ. ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸೋ ಹಾಗಿಲ್ಲ ಅಂತ ನಮ್ಮ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಆದರೂ ಆ ಗಾಡಿ ಯಾಕೆ ಹಾಗಿದೆ ಅಂತ ಅದರ ಬೆನ್ನ ಮೇಲಿರೋ ಮೂಟೆ ಹೇಳುತ್ತೆ. ಗೆಳೆಯನ ಗಾಡಿಯ ಬೆನ್ನ ಮೇಲೆ ನಾನು ಕಂಡಿದ್ದು ಕಾಸ್ಟ್‌ಕೋದ ನೀರಿನ ಬಾಟಲಿ ಕಟ್ಟು.

ಈ ಹುಚ್ಚಿನ ಮೂಲ ಹುಡುಕಿದ್ರೆ ಸೇಂಟ್ ಲೂಯಿಸ್‌ನ ಬಾಬ್ ಚಾಂಡ್ಲರ್ ಸಿಗ್ತಾನೆ. ಫೋರ್ ವೀಲ್ ಡ್ರೈವ್ ಗಾಡಿಗಳ ಬಿಡಿಭಾಗದ ಅಂಗಡಿಯವನು. ತನ್ನ 1974ರ ಫೋರ್ಡ್ ಎಫ್ 250 ಗಾಡಿಗೆ ದೊಡ್ಡ ದೊಡ್ಡ ಟೈರ್ ಹಾಕ್ತಾ ಹೋದ, ಭಾಗಗಳು ಮುರಿದ ಹಾಗೆಲ್ಲ ಇನ್ನೂ ಗಟ್ಟಿಯದನ್ನ ಹಾಕಿದ. ಅದೇ ಬಿಗ್‌ಫುಟ್. 1981ರಲ್ಲಿ ಅದು ಹಳೇ ಕಾರುಗಳ ಮೇಲೆ ಹತ್ತಿ ಅಪ್ಪಚ್ಚಿ ಮಾಡಿದ ಮೇಲೆ ಮಾನ್‌ಸ್ಟರ್ ಟ್ರಕ್ ಅನ್ನೋ ಜಾತ್ರೆಯೇ ಶುರುವಾಯ್ತು. ಆ ಗಾಡಿ ಅವನ ಅಂಗಡಿಗೆ ಓಡಾಡೋ ಜಾಹೀರಾತೂ ಆಗಿತ್ತು. ಮುರಿದ್ರೆ ರಿಪೇರಿಗೆ ಸಾಮಾನು ಅವನ ಕಪಾಟಿನಲ್ಲೇ ಇತ್ತು. ನಮ್ಮವನ ಹತ್ತಿರ ಇರೋದು ಕ್ರೆಡಿಟ್ ಕಾರ್ಡು.

ಅಗ್ಗ ಅನ್ನೋ ಮಾತಿಗೆ ಬರೋಣ. ಕಂಪನಿಯಿಂದ ಬಂದಾಗ ಈ ಗಾಡಿಯ ಟೈರ್ ಸುಮಾರು 31 ಇಂಚು. ಹಳೇ ಯಜಮಾನ ಮೀಟರ್ ತಿದ್ದಿಸಿರಲಿಲ್ಲ. ಹಾಗೇ 35 ಹಾಕಿದ್ರೆ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ಹೋಗ್ತಿರೋದು 67ಕ್ಕೂ ಮೇಲೆ. ಪೊಲೀಸರಿಗೆ ಆ ವಿವರಣೆ ಕೊಡೋನು ಹದಿನಾರರ ಹುಡುಗ. 3.73ರ ಗೇರ್ ಅನುಪಾತ 3.30ರ ಹಾಗೆ ನಡ್ಕೊಳ್ಳುತ್ತೆ, ಗಾಡಿ ಏದುಸಿರು ಬಿಡುತ್ತೆ. ಎರಡೂ ಆಕ್ಸಲ್ ಗೇರ್ ಬದಲಿಸೋಕೆ ನಮಗೆ ಹೇಳಿದ ದರ ಎರಡು ಸಾವಿರ ಡಾಲರ್ ದಾಟಿತ್ತು. ಟೈರಿನ ತೂಕ ಹೆಚ್ಚಿದ್ದಕ್ಕೆ ಬ್ರೇಕ್ ಹಿಡಿಯೋದು ನಿಧಾನ. ಮುಂದೆ ಬಾಲ್ ಜಾಯಿಂಟ್, ಸಿ.ವಿ. ಆಕ್ಸಲ್‌ಗಳ ಕೋನ ಆಗಲೇ ಮಿತಿಗೆ ಬಂದಿತ್ತು, ಒಂದು ರಬ್ಬರ್ ಬೂಟ್ ಹರಿದು ಗ್ರೀಸ್ ಚಿಮ್ಮಿತ್ತು. ಸ್ಟೆಪ್ನಿ? ಗಾಡಿ ಕೆಳಗಿನ ಜಾಗದಲ್ಲಿ 35 ಕೂರಲ್ಲ. ಇದು ಸಾವಿರ ಡಾಲರಿನ ಕೆಲಸ!

ನಾನು ಬಾಯಿ ಮುಚ್ಚಿಕೊಂಡು ಟೇಪ್ ತಗೊಂಡು ಬಾನೆಟ್ಟಿನ ಮುಂದಿನ ಅಂಚು ಅಳೆದೆ. 50 ಇಂಚು. ಪಕ್ಕದ ಮನೆಯ ಐದು ವರ್ಷದ ಹುಡುಗಿ ಅಲ್ಲೇ ಸೈಕಲ್ ಹೊಡೀತಿದ್ಳು. ಅವಳು 43. ಮುಂದೆ ನಿಲ್ಲಿಸಿ ಸ್ಟಿಯರಿಂಗ್ ಹಿಂದೆ ಕೂತ್ವಿ. ಮಗು ಕಾಣಲಿಲ್ಲ. ರಿಬ್ಬನ್ ಕಟ್ಟಿದ ಜುಟ್ಟೂ ಕಾಣಲಿಲ್ಲ. ಬಾನೆಟ್ 40 ಇಂಚಿಗಿಂತ ಎತ್ತರ ಇರೋ ಗಾಡಿ ಪಾದಚಾರಿಗೆ ಗುದ್ದಿದ್ರೆ ಸಾವಾಗುವ ಸಾಧ್ಯತೆ, 30 ಇಂಚಿನೊಳಗಿನ ಇಳಿಜಾರು ಮೂತಿಯ ಗಾಡಿಗಿಂತ ಸುಮಾರು 45 ಶೇಕಡಾ ಹೆಚ್ಚು ಅಂತ ಐ.ಐ.ಎಚ್.ಎಸ್. ಅನ್ನೋ ಸಂಸ್ಥೆ 2023ರಲ್ಲಿ ಹೇಳಿದೆ. ಅದನ್ನ ಗೆಳೆಯನಿಗೆ ಹೇಳಬೇಕಾಗಲಿಲ್ಲ. ಅವನು ಇಳಿದು ಸುಮ್ಮನೆ ಟೀ ಮಾಡೋಕೆ ಹೋದ.

ಆಸೆ ಮಾತ್ರ ಪೂರ್ತಿ ಹೋಗಿರಲಿಲ್ಲ, ಅದನ್ನ ನಾನು ಬೈಯಲ್ಲ. ಟೀ ಕುಡೀತಾ ಅಂಕಿ ಬಿಡಿಸಿದ್ವಿ. ಅವನ ರಿಮ್ 17 ಇಂಚು. ಈಗಿನ 33 ಅನ್ನೋದು 285/70, ಅಂದ್ರೆ ನಿಜಕ್ಕೂ 32.7. ಅದೇ ಅಗಲದ 285/75 ಹಾಕಿದ್ರೆ 33.8. ಅಂಗಡಿಯವರು 35 ಅಂತ ಮಾರೋ 315/70 ಲೆಕ್ಕ ಹಾಕಿದ್ರೆ 34.4 ಅಷ್ಟೇ. ಅಂದ್ರೆ ಅರ್ಧ ಇಂಚಿಗೂ ಸ್ವಲ್ಪ ಮೇಲಿನ ವ್ಯಾಸಕ್ಕಾಗಿ ಇಷ್ಟು ಹೋರಾಟ! ಅಗಲ ಹೆಚ್ಚದೇ ಇದ್ರೆ ಟೈರ್ ಉಜ್ಜೋದೂ ಕಡಿಮೆ, ಒಳಗಿನ ಪ್ಲಾಸ್ಟಿಕ್ ಲೈನರ್ ಸ್ವಲ್ಪ ಕತ್ತರಿಸಿದ್ರೆ ಸಾಕು. ಒಂದಿಂಚೂ ಎತ್ತಬೇಕಿಲ್ಲ.

ಎರಡು ವಾರ ಬಿಟ್ಟು ಹಳೇ ಟೈರ್ ಮಾರೋ ಕಡೆ ಹೋದ್ವಿ. ಬದಿಯ ಡಾಟ್ ನಂಬರಿನ ಕೊನೇ ನಾಲ್ಕಂಕಿ ಓದೋದು ಅವನ ಮಗನ ಕೆಲಸ. ಮೊದಲೆರಡು ವಾರ, ಕೊನೆಯೆರಡು ವರ್ಷ. 2314 ಅಂದ್ರೆ 2014ರ 23ನೇ ವಾರ. ಫಳಫಳ ಅಂತ ಹೊಳೀತಿದ್ದ ಒಂದು ಸೆಟ್ ಅವನೇ ಬೇಡ ಅಂದ. ಸಿಕ್ಕಿದ ಇನ್ನೊಂದು ಸೆಟ್, ಹೊಸ ಯು ಬೋಲ್ಟ್, ಸಿ.ವಿ. ಬೂಟ್, ಅಲೈನ್‌ಮೆಂಟ್ ಎಲ್ಲ ಸೇರಿ ಸಾವಿರಕ್ಕಿಂತ ಸ್ವಲ್ಪ ಕಡಿಮೆಗೆ ಮುಗೀತು. ಎರಡನೇ ದಿಮ್ಮಿ ವಾಪಸ್ ಹೋಯ್ತು.

ಸ್ಪೀಡೋಮೀಟರ್ ತಿದ್ದಿಸೋದು ಮಾತ್ರ ಇನ್ನೂ ಬಾಕಿ. ಅಲ್ಲೀವರೆಗೆ ಹುಡುಗನಿಗೆ ಬೀಗದ ಕೈ ಇಲ್ಲ ಅಂದಿದ್ದಾನೆ.